ನನ್ನ ಮೇಲೆ ಯಾರಿಗೂ ಕೋಪವಿಲ್ಲ

ಒಬ್ಬ ಮನುಷ್ಯನನ್ನು ಊರಿನವರೆಲ್ಲ ಒಂದೇ ಬಾಯಿಂದ ಒಳ್ಳೆಯವನು ಎನ್ನತೊಡಗಿದರೆ ಅವನಿಗೆ ಸ್ನೇಹಿತರು ಯಾರೂ ಇಲ್ಲ ಎಂದೇ ತಿಳಿಯಬೇಕು. ಇದು ಯಾವ ಹಿರಿಯರು ಹೇಳಿದ ಮಾತೂ ಅಲ್ಲ, ಸ್ವಂತ ಅನುಭವದ ಮೇಲೆ ಹೇಳುತ್ತಿದ್ದೇನೆ. ಸ್ನೇಹಿತನಿದ್ದವನಿಗೆ ಅಂಥ ಹೆಸರು ಉಳಿಯುವುದಿಲ್ಲ. ಸ್ನೇಹಿತನೇ ಅದನ್ನು ಕೆಡಿಸಿರುತ್ತಾನೆ. 'ಅವನಾ? ಮಹಾ ಜಿಪುಣ ಕಣೋ. ಆದರೂ ನಮ್ಮೋನು' ಎಂದು ಎಲೆ ಅಡಿಕೆ ಜಗಿಯುತ್ತ ನಾಲ್ಕು ಜನರೆದುರು ಹೇಳಿರುತ್ತಾನೆ. ನನ್ನ ವಿಷಯದಲ್ಲಿ ಹಾಗೆ ಹೇಳುವವರು ಶ್ರೀನಿವಾಸಪುರದಲ್ಲಿ ಒಬ್ಬರೂ ಇರಲಿಲ್ಲ. 'ಸಾಮುವೇಲ್ ಮೇಷ್ಟ್ರಾ? ಬಹಳ ಒಳ್ಳೆಯವರು' ಎನ್ನುತ್ತಿದ್ದರು. ಅಂದವರು ಆ ಮಾತನ್ನು ಅಲ್ಲಿಗೇ ನಿಲ್ಲಿಸಿ ಬೇರೆಯವರ ಸುದ್ದಿಗೆ ಹೋಗುತ್ತಿದ್ದರು. ಒಳ್ಳೆಯವನ ಬಗ್ಗೆ ಅದಕ್ಕಿಂತ ಹೆಚ್ಚು ಮಾತಾಡಲು ಏನಿರುತ್ತದೆ!

ನಾನು ಗುಬ್ಬಿ ಕಡೆಯವನು. ಮಿಷನ್ ಶಾಲೆಯ ಮೇಷ್ಟ್ರಾಗಿ ಶ್ರೀನಿವಾಸಪುರಕ್ಕೆ ಬಂದಾಗ ನನಗೆ ತೆಲುಗಿನ ಒಂದಕ್ಷರವೂ ಬರುತ್ತಿರಲಿಲ್ಲ. ಅಲ್ಲಿಯ ನಮ್ಮ ಕ್ರೈಸ್ತ ಸಭೆಯವರೋ, ಪ್ರಾರ್ಥನೆ ಕನ್ನಡದಲ್ಲಿ ಶುರು ಮಾಡಿದರೆ ದುಃಖ ಹೆಚ್ಚಾದ ಕಡೆ ತೆಲುಗಿಗೆ ಇಳಿಯುತ್ತಿದ್ದರು. ಹೀಗಾಗಿ ನಮ್ಮ ಜನರ ಮುಖ್ಯವಾದ ಕಷ್ಟಗಳಲ್ಲೊಂದೂ ನನಗೆ ಬಹಳ ದಿನ ಅರ್ಥವಾಗಲಿಲ್ಲ. ದೇವಾಲಯವೆಂದರೆ ಹೆಂಚು ಹೊದಿಸಿದ ಒಂದು ಉದ್ದನೆಯ ಕೋಣೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಚಾಪೆಯ ಮೇಲೆ ಕೂರುತ್ತಿದ್ದರು. ಮುಂದೆ ಒಂದು ಬೆಂಚು. ಅದರ ಮೇಲೆ ಮಿಷನ್ ಆಸ್ಪತ್ರೆಯ ಕಾಂಪೌಂಡರ್ ದೇವಸಹಾಯಂ ಮತ್ತು ನಾನು. ಅಕ್ಷರ ಬಲ್ಲವರಿಗೆ ಸಭೆ ಕೊಟ್ಟ ಮರ್ಯಾದೆ ಅದು. ಬೆಂಚಿನ ಮೇಲೆ ಕೂತವನಿಗೆ ಪೀಠ ಚೆನ್ನಾಗಿ ಕಾಣುತ್ತದೆ, ಜನ ಮಾತ್ರ ಬೆನ್ನ ಹಿಂದೆ ಇರುತ್ತಾರೆ.

ನನ್ನ ಹೆಂಡತಿ ಸುಂದರಮ್ಮ ಬದುಕಿರುವವರೆಗೆ ಸ್ನೇಹಿತರಿಲ್ಲದ ಈ ಕೊರತೆ ನನ್ನ ಗಮನಕ್ಕೇ ಬಂದಿರಲಿಲ್ಲ. ಏಕೆಂದರೆ ನಮ್ಮ ಮನೆಯ ಪರವಾಗಿ ಜಗಳವಾಡುವ ಕೆಲಸವನ್ನೆಲ್ಲ ಅವಳೇ ನೋಡಿಕೊಳ್ಳುತ್ತಿದ್ದಳು. ಬಾವಿಕಟ್ಟೆಯಲ್ಲಿ ಒಂದು ಜಗಳ, ಭಾನುವಾರ ಆರಾಧನೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ಒಂದು ಜಗಳ. ಅವಳ ಖಾಯಂ ಎದುರಾಳಿ ಎಂದರೆ ನಮ್ಮ ಹಿತ್ತಲಿಗೆ ಅಂಟಿಕೊಂಡಿದ್ದ ಮನೆಯ ಸಾಲೋಮಮ್ಮ. ಗಂಡ ಸತ್ತು ಎಷ್ಟೋ ಕಾಲವಾಗಿದ್ದ, ಮಗಳನ್ನು ದೂರ ಕೊಟ್ಟಿದ್ದ, ಒಂದು ಎಮ್ಮೆ ಕಟ್ಟಿಕೊಂಡು ಮೊಸರು ಮಾರಿ ಬದುಕುತ್ತಿದ್ದ ಮುದುಕಿ. ಅವಳ ಎಮ್ಮೆ ನಮ್ಮ ಹಿತ್ತಲ ದಂಟಿನ ಸೊಪ್ಪಿಗೆ ಬಾಯಿ ಹಾಕುತ್ತಿತ್ತು. ಸುಂದರಮ್ಮ ಕನ್ನಡದಲ್ಲಿ ಬಯ್ಯುತ್ತಿದ್ದಳು, ಸಾಲೋಮಮ್ಮ ತೆಲುಗಿನಲ್ಲಿ ಜವಾಬು ಕೊಡುತ್ತಿದ್ದಳು. ಒಬ್ಬರ ಮಾತು ಒಬ್ಬರಿಗೆ ಅರ್ಧ ತಿಳಿಯುತ್ತಿರಲಿಲ್ಲವಾದ್ದರಿಂದ ಜಗಳ ಎಂದೂ ವಿಕೋಪಕ್ಕೆ ಹೋಗುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಒಂದು ಬಟ್ಟಲು ಮೊಸರು ಈಚೆಗೆ ಬರುತ್ತಿತ್ತು, ಒಂದು ಬಟ್ಟಲು ಸಾರು ಆಚೆಗೆ ಹೋಗುತ್ತಿತ್ತು. ನಾನು ನಡುಮನೆಯಲ್ಲಿ ಕೂತು, 'ಮೇಷ್ಟ್ರ ಹೆಂಡತಿ ಹೀಗೆ ಬೀದಿಗೆ ಕೇಳುವಂತೆ ಕೂಗಬಹುದೇ' ಎಂದು ನಾಚಿಕೊಳ್ಳುತ್ತಿದ್ದೆ.

ಯುದ್ಧ ಶುರುವಾಗಿ, ಸೀಮೆಎಣ್ಣೆಗೆ ಜನ ಸಾಲು ನಿಲ್ಲತೊಡಗಿದ ಕಾಲದಲ್ಲಿ ಸುಂದರಮ್ಮ ಜ್ವರ ಬಂದು ತೀರಿಕೊಂಡಳು. ಸಭೆಯವರೆಲ್ಲ ಬಂದರು, ಅತ್ತರು, ಮಣ್ಣು ಹಾಕಿದರು. ಆಮೇಲೆ ಬರಲಿಲ್ಲ. ಅವರ ತಪ್ಪೇನೂ ಇಲ್ಲ. ಬಂದರೆ ನನ್ನ ಹತ್ತಿರ ಏನು ಮಾತಾಡಬೇಕು? 'ಚೆನ್ನಾಗಿದ್ದೀರಾ ಮೇಷ್ಟ್ರೇ?' ಎಂದರೆ 'ದೇವರ ದಯೆ' ಎನ್ನುತ್ತಿದ್ದೆ. ದೇವರ ದಯೆ ಎಂದ ಮೇಲೆ ಮಾತು ಮುಂದುವರಿಸಲು ಯಾರಿಂದಲೂ ಆಗುವುದಿಲ್ಲ. ಸಾಲೋಮಮ್ಮನ ಎಮ್ಮೆ ಮಾತ್ರ ಮೊದಲಿಗಿಂತ ಹೆಚ್ಚಾಗಿ ಬರತೊಡಗಿತು. ನಾನು ಜಗಳದ ಮನುಷ್ಯನಲ್ಲವಲ್ಲ! ಒಂದು ಮಾತೂ ಆಡದೆ, ಆಳು ಕರೆಸಿ ಹಿತ್ತಲಿಗೆ ಜಾಲಿ ಮುಳ್ಳಿನ ಬೇಲಿ ಹಾಕಿಸಿದೆ. ಕ್ರೈಸ್ತ ಸಹನೆಗೆ ಇದಕ್ಕಿಂತ ಒಳ್ಳೆಯ ಮಾದರಿ ತಾಲೂಕಿನಲ್ಲಿ ಇರಲಾರದು ಎಂದು ನನಗೆ ನಾನೇ ಮೆಚ್ಚಿಕೊಂಡೆ. ಆಮೇಲೆ ಎಮ್ಮೆಯೂ ಬರಲಿಲ್ಲ.

ಸಂಜೆ ಶಾಲೆ ಬಿಟ್ಟು ಮನೆಗೆ ಬಂದರೆ ಬೀಗ ತೆಗೆಯುವ ಸದ್ದೇ ದೊಡ್ಡ ಸದ್ದು. ಒಬ್ಬನಿಗೆ ಅಡಿಗೆ ಮಾಡುವುದೂ ಒಂದು ವಿದ್ಯೆ, ಅದು ನನಗೆ ಕೊನೆಯವರೆಗೂ ಬರಲಿಲ್ಲ. ಮುದ್ದೆ ಕಟ್ಟಿದರೆ ಇಬ್ಬರಿಗಾಗುವಷ್ಟು ಆಗುತ್ತಿತ್ತು, ಇಲ್ಲವೆ ಗಂಜಿಯಾಗುತ್ತಿತ್ತು. ಗಂಜಿಯಾದ ದಿನ 'ಏನ್ರೀ ಇದು?' ಎಂದು ಬಯ್ಯುವವರು ಇರಲಿಲ್ಲ. ಬಯ್ಯುವವರಿಲ್ಲದೆ ಉಂಡ ಕೆಟ್ಟ ಊಟ ಗಂಟಲಿನಲ್ಲಿ ಇಳಿಯುವ ರೀತಿಯೇ ಬೇರೆ.

ಇಂಥ ಹೊತ್ತಿನಲ್ಲಿ ನಮ್ಮ ಸಭೆಗೆ ಹೊಸ ಅಯ್ಯನವರು ಬಂದರು. ಆಗತಾನೇ ಓದು ಮುಗಿಸಿದ ತರುಣ ಸಭಾಪಾಲಕರು. ಅನ್ಯೋನ್ಯತೆ ಎಂಬುದು ಅವರಿಗೆ ಬಹಳ ಪ್ರಿಯವಾದ ಶಬ್ದ. 'ನೀವು ಭಾನುವಾರ ಒಂದೇ ಸೂರಿನ ಕೆಳಗೆ ಕೂರುತ್ತೀರಿ. ರೈಲಿನಲ್ಲೂ ಜನ ಒಂದೇ ಸೂರಿನ ಕೆಳಗೆ ಕೂರುತ್ತಾರೆ. ಅದು ಸಭೆಯಾಗುತ್ತದೆಯೇ?' ಎಂದು ಕೇಳಿದರು. ಆಗಿನ ರೈಲಿನಲ್ಲಿ ಕೂರಲು ಜಾಗ ಎಲ್ಲಿತ್ತು ಎಂದು ಹಿಂದೆ ಯಾರೋ ಗೊಣಗಿದರು. ಅಯ್ಯನವರು ಅದನ್ನು ಲಕ್ಷಿಸದೆ ಒಂದು ಆಜ್ಞೆ ಹೊರಡಿಸಿದರು. ಈಸ್ಟರ್ ಹಬ್ಬದ ಪ್ರಭುಭೋಜನಕ್ಕೆ ಮೊದಲು ಪ್ರತಿಯೊಬ್ಬರೂ ಯಾರ ಮೇಲೆ ಮನಸ್ತಾಪವಿದೆಯೋ ಅವರ ಮನೆಗೆ ಹೋಗಿ ರಾಜಿಯಾಗಬೇಕು. ರಾಜಿಯಾದವರು ಜೊತೆ ಜೊತೆಯಾಗಿ ಪೀಠದ ಮುಂದೆ ಬಂದು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಬೇಕು.

ನೋಡಿ, ಆ ವಾರ ನಮ್ಮ ಕೇರಿ ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ಯಾರಿಗೆ ಯಾರ ಮೇಲೆ ಕೋಪವಿದೆ ಎಂಬುದು ಅದುವರೆಗೆ ದೇವರಿಗೆ ಮಾತ್ರ ಗೊತ್ತಿತ್ತು. ಈಗ ಎಲ್ಲರಿಗೂ ಗೊತ್ತಾಗತೊಡಗಿತು. ಯಲ್ದೂರು ರಸ್ತೆಯಲ್ಲಿ ಮಾವಿನ ತೋಪು ಕಾಯುತ್ತಿದ್ದ ಪೌಲಪ್ಪ, ಯಾಕೋಬಪ್ಪ ಎಂಬ ಅಣ್ಣತಮ್ಮಂದಿರ ಕಥೆ ಕೇಳಿ. ತಮ್ಮ ಯಾಕೋಬಪ್ಪ ಅಯ್ಯನವರ ಮಾತಿನಂತೆ ಅಣ್ಣನ ಮನೆಗೆ ಹೋದ.

'ಅಣ್ಣಾ, ನಿನ್ನ ಮೇಲೆ ಮನಸ್ಸಲ್ಲಿ ಒಂದು ಇಟ್ಕೊಂಡಿದ್ದೆ. ಕ್ಷಮಿಸಿಬಿಡು.'

'ಆಯ್ತು ಬಿಡ್ಲಾ, ಕ್ಷಮಿಸಿದೆ. ಏನು ಇಟ್ಕೊಂಡಿದ್ದೆ?'

'ಅದ್ಯಾಕೆ ಈಗ? ಮುಗೀತಲ್ಲ.'

'ಹೇಳ್ಲಾ. ಏನನ್ನು ಕ್ಷಮಿಸಿದೆ ಅಂತ ನಂಗೂ ಗೊತ್ತಾಗಬೇಕೋ ಬೇಡವೋ?'

'ಏನಿಲ್ಲ, ಅಪ್ಪ ಸತ್ತಾಗ ನೀನು ಎದೆ ಎದೆ ಬಡ್ಕೊಂಡು ಅತ್ತೆಯಲ್ಲ, ಅದು ಬರೀ ನಾಟಕ ಅಂದ್ಕೊಂಡಿದ್ದೆ.'

'ನಾಟಕಾನಾ?' ಎಂದು ಪೌಲಪ್ಪ ಎದ್ದು ನಿಂತ. ಅರ್ಧ ಗಳಿಗೆಯಲ್ಲಿ ಕೇರಿಯೆಲ್ಲ ಅಲ್ಲಿ ಸೇರಿತು. ಕೊನೆಗೆ ಇಬ್ಬರೂ ಜಗಲಿಯ ಮೇಲೆ ಕುಸಿದು ಕೂತು, ಅಪ್ಪನನ್ನು ನೆನೆದು, ನಾಟಕವೆಂಬ ಸಂಶಯಕ್ಕೆ ಎಡೆಯೇ ಇಲ್ಲದ ಹಾಗೆ ಅತ್ತರಂತೆ. ಆ ರಾತ್ರಿ ಎರಡು ಮನೆಯವರೂ ಒಂದೇ ಪಾತ್ರೆಯಿಂದ ಹುಳಿ ಬಡಿಸಿಕೊಂಡು ಉಂಡರಂತೆ. ಎಲ್ಲ ಮನೆಗಳಲ್ಲೂ ಇದೇ ರೀತಿ. ಕ್ಷಮೆ ಕೇಳಲು ಹೋಗುವುದು, ಹೊಸ ಜಗಳ ತೆಗೆಯುವುದು, ಅದಕ್ಕೆ ಕ್ಷಮೆ ಕೇಳಲು ಮತ್ತೆ ಹೋಗುವುದು. ಅಯ್ಯನವರು ಹತ್ತು ವರ್ಷ ಪ್ರಸಂಗ ಮಾಡಿದ್ದರೂ ಜನ ಒಬ್ಬರ ಮನೆಗೆ ಒಬ್ಬರು ಅಷ್ಟು ಸಲ ಹೋಗುತ್ತಿರಲಿಲ್ಲ.

ನಾನೂ ಸಿದ್ಧವಾಗಿದ್ದೆ. ಅಂಗಳ ಗುಡಿಸಿದೆ. ಇದ್ದ ಒಂದು ಕುರ್ಚಿಯನ್ನು ಒರೆಸಿ ಜಗಲಿಯ ಮೇಲೆ ಹಾಕಿದೆ. ಕಾಫಿಪುಡಿ ಸಿಗುವುದೇ ಕಷ್ಟವಾಗಿದ್ದ ದಿನಗಳಲ್ಲಿ ಎಲ್ಲಿಂದಲೋ ಸ್ವಲ್ಪ ಸಂಪಾದಿಸಿದೆ. ಬಂದವರಿಗೆ ಹೇಗೆ ಕ್ಷಮಿಸಬೇಕೆಂದು ಅಭ್ಯಾಸ ಕೂಡ ಮಾಡಿಕೊಂಡೆ. ಅವರು ಬಾಯಿ ತೆರೆಯುವ ಮೊದಲೇ ಕೈ ಹಿಡಿದು, 'ಛೆ ಛೆ, ಅದನ್ನೆಲ್ಲ ನಾನು ಯಾವತ್ತೋ ಮರೆತೆ' ಎನ್ನಬೇಕು. ಸೋಮವಾರ ಯಾರೂ ಬರಲಿಲ್ಲ. ಮಂಗಳವಾರ ಯಾರೂ ಬರಲಿಲ್ಲ. ಬುಧವಾರ ಸಂಜೆ ಹೆಜ್ಜೆ ಸಪ್ಪಳವಾಯಿತು. ಪೌಲಪ್ಪನ ಹೆಂಡತಿ ಎಸ್ತೇರಮ್ಮ ಸೆರಗು ಸರಿಮಾಡಿಕೊಳ್ಳುತ್ತ ನಿಂತಿದ್ದಳು. ನಾನು ಎದ್ದು ಕೈ ಚಾಚಬೇಕು, ಅಷ್ಟರಲ್ಲಿ ಅವಳು, 'ಮೇಷ್ಟ್ರೇ, ಕಾಂಪೌಂಡರ್ ಮನೇಲಿದ್ದಾರಾ ನೋಡಿದ್ರಾ? ಅವರ ಹತ್ರ ಕ್ಷಮೆ ಕೇಳೋದಿತ್ತು' ಎಂದಳು. 'ಇದ್ದಾರಮ್ಮ' ಎಂದೆ. ಕುರ್ಚಿ ಒಳಗೆ ತಂದಿಟ್ಟೆ.

ಮಾರನೆಯ ದಿನ ಅಯ್ಯನವರೇ ಬಂದರು. ನನ್ನ ಕಾಫಿಯನ್ನು ಮೆಚ್ಚಿ ಕುಡಿದರು. 'ಮೇಷ್ಟ್ರೇ, ನೀವು ಧನ್ಯರು. ಇಡೀ ಸಭೆಯವರ ತಕರಾರು ಕೇಳಿ ಬಂದೆ. ನಿಮ್ಮೊಬ್ಬರ ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ' ಎಂದರು. ಅವರು ಅದನ್ನು ಪ್ರಶಂಸೆಯಾಗಿ ಹೇಳಿದರು, ನಾನೂ ನಕ್ಕೆ. ಅವರು ಹೋದ ಮೇಲೆ ಲೋಟ ತೊಳೆಯುತ್ತ ನಿಂತವನಿಗೆ ಕಣ್ಣು ತುಂಬಿ ಬಂತು. ನಾನು ಸತ್ತರೂ ಜನ ಹೀಗೆಯೇ ಅನ್ನುತ್ತಾರಲ್ಲವೇ ಎನಿಸಿತು. ಯಾರ ಬಾಯಲ್ಲೂ ಹೆಸರು ಬರದೆ ಬದುಕುವುದಕ್ಕೂ ಸಮಾಧಿಯಲ್ಲಿರುವುದಕ್ಕೂ ಇರುವ ವ್ಯತ್ಯಾಸವೆಂದರೆ, ಸಮಾಧಿಗೆ ವರ್ಷಕ್ಕೊಮ್ಮೆಯಾದರೂ ಸುಣ್ಣ ಬಳಿಯುತ್ತಾರೆ.

ಕೈಕಟ್ಟಿ ಕೂತರೆ ಆಗದು, ಯಾರ ಜೊತೆಗಾದರೂ ಒಂದು ಸಣ್ಣ ಜಗಳ ಸಂಪಾದಿಸಲೇಬೇಕು ಎಂದು ನಿರ್ಧರಿಸಿದೆ. ಮೊದಲು ಕಾಂಪೌಂಡರ್ ದೇವಸಹಾಯಂ ಅವರ ಹತ್ತಿರ ಹೋದೆ. ಜೀವಮಾನದಲ್ಲೇ ಆಡದಂಥ ಕಟುವಾದ ಮಾತು ಆಡಿದೆ: 'ನಿಮ್ಮ ಔಷಧಿಯಲ್ಲಿ ಬರೀ ನೀರೇ ಕಣ್ರೀ ಇರೋದು.' ಅವರು ಕನ್ನಡಕ ತೆಗೆದು ಒರೆಸಿಕೊಂಡು, 'ತಾವು ಓದಿದವರು, ಕಂಡುಹಿಡಿದುಬಿಟ್ಟಿರಿ. ಯುದ್ಧ ಕಾಲ, ಏನು ಮಾಡೋದು ಹೇಳಿ. ಕೂತ್ಕೊಳ್ಳಿ ಮೇಷ್ಟ್ರೇ' ಎಂದರು. ಶುಭ ಶುಕ್ರವಾರದ ಆರಾಧನೆಯಲ್ಲಿ ಇನ್ನೊಂದು ಪ್ರಯತ್ನ ಮಾಡಿದೆ. ಯಾಕೋಬಪ್ಪನಿಗೆ ಕಂಬಕ್ಕೆ ಒರಗಿ ಕೂರುವ ಒಂದು ಜಾಗವಿತ್ತು. ಅದಕ್ಕೆ ಯಾರು ಬಂದರೂ ಅವನು ಕೋಳಿಹುಂಜದ ಹಾಗೆ ಮೇಲೆ ಬೀಳುತ್ತಿದ್ದ. ಬೆಂಚು ಬಿಟ್ಟು ನೇರವಾಗಿ ಹೋಗಿ ಆ ಕಂಬಕ್ಕೆ ಒರಗಿ ಕೂತೆ. ಯಾಕೋಬಪ್ಪ ಬಂದ, ನೋಡಿದ, ಗಾಬರಿಯಾದ. 'ಅಯ್ಯೋ, ಮೇಷ್ಟ್ರು ನೆಲದ ಮೇಲೆ ಕೂತವ್ರೆ! ಬೆಂಚು ತನ್ರೋ' ಎಂದ. ನಾಲ್ಕು ಜನ ಸೇರಿ, ಬೆಂಚಿನ ಮೇಲಿದ್ದ ಕಾಂಪೌಂಡರರನ್ನು ಎಬ್ಬಿಸಿ, ಅದನ್ನು ಹೊತ್ತು ತಂದು, ನನ್ನನ್ನು ಅದರ ಮೇಲೆ ಕೂರಿಸಿದರು. ಆ ದಿನ ಪ್ರಭುವಿನ ಶ್ರಮೆಯ ಪ್ರಸಂಗವನ್ನು ನಾನು ಕಂಬದ ಪಕ್ಕದಲ್ಲಿ, ಎಲ್ಲರಿಗಿಂತ ಎತ್ತರದಲ್ಲಿ, ಒಬ್ಬನೇ ಕೂತು ಕೇಳಿದೆ.

ಈಸ್ಟರ್ ಬಂತು. ದೇವಾಲಯಕ್ಕೆ ಮಾವಿನ ಎಲೆಯ ತೋರಣ ಕಟ್ಟಿದ್ದರು. ಪ್ರಭುಭೋಜನದ ಹೊತ್ತಿಗೆ ಅಯ್ಯನವರು ಕರೆದರು. ಜನ ಜೊತೆ ಜೊತೆಯಾಗಿ ಎದ್ದರು. ಪೌಲಪ್ಪ, ಯಾಕೋಬಪ್ಪ ಹೆಗಲ ಮೇಲೆ ಕೈ ಹಾಕಿಕೊಂಡು ಹೋದರು. ಎಸ್ತೇರಮ್ಮನೂ ಕಾಂಪೌಂಡರೂ ಹೋದರು. ಒಂದೊಂದು ಜೋಡಿ ಎದ್ದ ಹಾಗೆಲ್ಲ ಚಾಪೆ ಖಾಲಿಯಾಗುತ್ತ ಬಂತು. ನಾನು ಬೆಂಚಿನ ಮೇಲೆ ಹಾಗೆಯೇ ಕೂತಿದ್ದೆ. ಎದ್ದು ಹೋಗೋಣವೆಂದರೆ ಯಾರ ಜೊತೆ? ಹೋಗದಿರೋಣವೆಂದರೆ ಸಭೆಯೆಲ್ಲ ನೋಡುತ್ತಿದೆ. ಕಾಲ ಬೆರಳುಗಳನ್ನು ನೋಡಿಕೊಂಡೆ.

'ಮೇಷ್ಟ್ರೇ, ಬನ್ನಿ' ಎಂದರು ಅಯ್ಯನವರು.

ಎದ್ದು ನಿಂತೆ. 'ಅಯ್ಯನವರೇ, ನನಗೆ ಜೊತೆ ಇಲ್ಲ. ನನಗೆ ಯಾರ ಮೇಲೂ ಕೋಪವಿಲ್ಲ. ನನ್ನ ಮೇಲೂ ಯಾರಿಗೂ ಇಲ್ಲ' ಎಂದೆ. ಹೆಮ್ಮೆಯಿಂದ ಹೇಳಬಹುದಾಗಿದ್ದ ಮಾತು. ಬಾಯಿಂದ ಹೊರಟಾಗ ಮಾತ್ರ ಭಿಕ್ಷೆ ಕೇಳಿದ ಹಾಗೆ ಕೇಳಿಸಿತು.

'ನಾಕುಂದಿ!' ಎಂದು ಹೆಂಗಸರ ಕಡೆಯಿಂದ ಒಂದು ಧ್ವನಿ ಎದ್ದಿತು. ಸಾಲೋಮಮ್ಮ ಗೋಡೆ ಹಿಡಿದುಕೊಂಡು ಎದ್ದು ನಿಂತಿದ್ದಳು. ತನ್ನ ತೆಲುಗು ಈ ಮನುಷ್ಯನಿಗೆ ತಿಳಿಯದೆಂದು ನೆನಪಾಗಿ ಕನ್ನಡದಲ್ಲಿ ಕೂಗಿದಳು: 'ನಂಗೈತೆ ಸ್ವಾಮಿ, ಕೋಪ! ಈ ಮೇಷ್ಟ್ರ ಮೇಲೆ ನಂಗೆ ಬೆಟ್ಟದಷ್ಟು ಐತೆ!'

ಅಯ್ಯನವರು ಕೈಯಲ್ಲಿದ್ದ ಬಟ್ಟಲನ್ನು ಮೆಲ್ಲಗೆ ಪೀಠದ ಮೇಲಿಟ್ಟರು. 'ಏನಮ್ಮ ಅದು?' ಎಂದರು.

'ಬೇಲಿ ಹಾಕವ್ನೆ ಸ್ವಾಮಿ, ಬೇಲಿ! ಜಾಲಿ ಮುಳ್ಳಿಂದು!'

'ನಿನ್ನ ಎಮ್ಮೆ ಸೊಪ್ಪು ತಿನ್ನುತ್ತಿತ್ತಲ್ಲಮ್ಮ' ಎಂದೆ ನಾನು.

'ತಿಂತಿತ್ತು! ನಾನೇ ಹಗ್ಗ ಬಿಚ್ಚಿ ಬಿಡ್ತಿದ್ದೆ!' ಅವಳು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. 'ನಿನ್ನ ಹೆಂಡ್ತಿ ಇದ್ದಾಗ ಒಂದು ದಿನ ತಪ್ಪದೆ ಹಿತ್ಲಾಗೆ ನಿಂತು ನನ್ನ ಬಯ್ತಿದ್ದಳು. ಆ ತಾಯಿ ಹೋದಳು. ಆ ಕಡೆಯಿಂದ ಒಂದು ಮಾತಿಲ್ಲ, ಒಂದು ಕೆಮ್ಮಿಲ್ಲ. ಮೇಷ್ಟ್ರು ಬದುಕವ್ನೋ ಸತ್ತವ್ನೋ! ಹೋಗೇ, ಹೋಗಿ ಸೊಪ್ಪಿಗೆ ಬಾಯಿ ಹಾಕು, ಬಯ್ಯೋಕಾದ್ರೂ ಬರಲಿ ಅಂತ ಎಮ್ಮೆ ಬಿಟ್ಟೆ. ಬಟ್ಟಲಾಗೆ ಮೊಸರು ಇಟ್ಕೊಂಡು ಕಾದೆ. ಬಂದನಾ? ಆಳು ಕಳಿಸಿದ, ಮುಳ್ಳು ಹಾಕಿಸಿದ! ನಾನೇನು ಕಳ್ಳಿಯಾ? ನಂಗೂ ಮನೇಲಿ ಯಾರವ್ರೆ ಮಾತಾಡೋಕೆ?'

ಯಾರೂ ನಗಲಿಲ್ಲ. ನನಗೆ ಏನಾಯಿತೆಂದು ಈಗಲೂ ಸರಿಯಾಗಿ ಹೇಳಲಾರೆ. ತುಂಬಿದ ಸಭೆಯಲ್ಲಿ ಒಬ್ಬ ಮುದುಕಿ ನನ್ನನ್ನು ಏಕವಚನದಲ್ಲಿ ಬಯ್ಯುತ್ತಿದ್ದಾಳೆ, ನನ್ನ ಎದೆಯಲ್ಲಿ ಮಾತ್ರ ಹಬ್ಬದ ಗಂಟೆ ಹೊಡೆಯುತ್ತಿದೆ. ಒಬ್ಬರು ನನ್ನ ಮೇಲೆ ಕೋಪಿಸಿಕೊಂಡು ಬೇಲಿಯಾಚೆ ದಿನಗಟ್ಟಲೆ ಕೂತಿದ್ದಾರೆ, ನನಗೆ ಗೊತ್ತೇ ಇಲ್ಲ! ಅವಳ ಹತ್ತಿರ ಹೋಗಿ ಕೈ ಮುಗಿದೆ. ಅಭ್ಯಾಸ ಮಾಡಿಕೊಂಡಿದ್ದ ಮಾತೊಂದೂ ನೆನಪಾಗಲಿಲ್ಲ. 'ತಪ್ಪಾಯ್ತು ಸಾಲೋಮಮ್ಮ. ಬೇಲಿ ಹಾಕಬಾರದಿತ್ತು' ಎಂದೆ.

'ನೀವೂ ಕ್ಷಮೆ ಕೇಳಬೇಕಮ್ಮ, ಎಮ್ಮೆ ಬಿಟ್ಟಿದ್ದಕ್ಕೆ' ಎಂದರು ಅಯ್ಯನವರು, ನ್ಯಾಯ ಎರಡು ಕಡೆಯೂ ಇರಬೇಕಲ್ಲ.

'ಅದಕ್ಕೆ ಕೇಳಲ್ಲ. ನಾಳೆನೂ ಬಿಡ್ತೀನಿ' ಎಂದಳು ಸಾಲೋಮಮ್ಮ. ಅಯ್ಯನವರು ಒಂದು ಕ್ಷಣ ಯೋಚಿಸಿ, ಅದನ್ನೇ ರಾಜಿಯೆಂದು ಒಪ್ಪಿಕೊಂಡು, ಇಬ್ಬರಿಗೂ ರೊಟ್ಟಿ ಮುರಿದು ಕೊಟ್ಟರು.

ಮಧ್ಯಾಹ್ನ ಊಟ ಅವಳ ಮನೆಯಲ್ಲಿ. ಮುದ್ದೆ, ಅವರೆಕಾಳಿನ ಸಾರು, ಮೊಸರು. ಸಂಜೆ ನಾನೇ ಮುಳ್ಳು ಕಿತ್ತು ಹಾಕಿದೆ, ಕೈಯೆಲ್ಲ ಗೀರಿತು. ಅವಳು ಪಕ್ಕದಲ್ಲಿ ನಿಂತು, 'ಹಾಕೋಕೆ ಆಳು, ಕೀಳೋಕೆ ಮೇಷ್ಟ್ರು!' ಎಂದು ಹಂಗಿಸುತ್ತಿದ್ದಳು. ಅಲ್ಲಿಂದಾಚೆ ನನ್ನ ಅಡಿಗೆಮನೆಗೆ ಬಂದು ಮಡಕೆ ಕುಡಿಕೆಗಳನ್ನು ತನಗೆ ತೋಚಿದ ಕಡೆ ಇಡತೊಡಗಿದಳು. ನಾನು ಕೂಗಾಡಲು ಕಲಿತೆ. ಮೊದಮೊದಲು ಕನ್ನಡದಲ್ಲಿ ಕೂಗುತ್ತಿದ್ದೆ. ಅದು ಅವಳಿಗೆ ನಾಟುವುದಿಲ್ಲವೆಂದು ತೆಲುಗು ಕಲಿತೆ. ಆಗ ಭಾನುವಾರದ ಪ್ರಾರ್ಥನೆಗಳು ನನಗೆ ಅರ್ಥವಾಗತೊಡಗಿದವು. ಯಾರ ಮಗ ಯುದ್ಧಕ್ಕೆ ಹೋಗಿದ್ದಾನೆ, ಯಾರಿಗೆ ಮಗು ನಿಲ್ಲುತ್ತಿಲ್ಲ ಎಂಬುದೆಲ್ಲ ನನ್ನ ಬೆನ್ನ ಹಿಂದೆಯೇ ಅಷ್ಟು ಕಾಲ ಅಳುತ್ತಿತ್ತು. ಜನಕ್ಕೂ ಧೈರ್ಯ ಬಂತು. ಮೇಷ್ಟ್ರು ಬಯ್ಯಿಸಿಕೊಳ್ಳುತ್ತಾರೆ ಎಂದು ತಿಳಿದ ಮೇಲೆ ಯಾಕೋಬಪ್ಪ ಕಂಬದ ಜಾಗದಿಂದ ನನ್ನನ್ನು ಎಬ್ಬಿಸಿದ. ಕಾಂಪೌಂಡರ್ ಕೂಡ ಒಂದು ದಿನ, 'ಅವತ್ತು ನೀರು ಅಂದಿರಲ್ಲ, ಅದು ನನಗೆ ಬಹಳ ನೋವಾಯ್ತು ಕಣ್ರೀ' ಎಂದು ಮನೆಗೇ ಬಂದು ಹೇಳಿದರು. ಆ ದಿನ ಕಾಫಿಪುಡಿ ಇರಲಿಲ್ಲ. ನೀರನ್ನೇ ಕೊಟ್ಟೆ. ಇಬ್ಬರೂ ನಕ್ಕೆವು.

ಯುದ್ಧ ಮುಗಿಯುವ ಹೊತ್ತಿಗೆ ನನಗೆ ಮಾಲೂರಿಗೆ ವರ್ಗವಾಯಿತು. ಸಭೆಯವರು ಹಾರ ಹಾಕಿದರು. ಸಾಲೋಮಮ್ಮ ಬರಲಿಲ್ಲ. ಬೆಳಿಗ್ಗೆ ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು ಹೊಗೆ ಉಗುಳುತ್ತ ನಿಂತಿದ್ದಾಗ ಕೋಲೂರಿಕೊಂಡು ಬಂದಳು. 'ಹೋಗು. ಬರ್ತೀನಿ ಅಂತ ಒಂದು ಮಾತು ಮೊದಲು ನಂಗೆ ಹೇಳದೆ ಊರಿಗೆಲ್ಲ ಹೇಳ್ದೆಯಲ್ಲ, ನಿನ್ನ ಮುಖ ನೋಡಲ್ಲ' ಎಂದಳು. 'ತಪ್ಪಾಯ್ತಮ್ಮ' ಎಂದು ಕಿಟಕಿಯಿಂದ ಕೈ ಮುಗಿಯಹೋದೆ. ಅವಳು ಫಟ್ಟನೆ ಕೈ ತಟ್ಟಿದಳು. 'ಬೇಡ, ಈಗ ಕೇಳಬೇಡ. ಈ ಕೋಪ ಹಂಗೇ ಇರಲಿ. ತೀರಿಸ್ಕೊಳ್ಳೋಕೆ ಒಂದು ದಪ ಬರ್ತೀಯಲ್ಲ' ಎಂದಳು. ಬಸ್ಸು ಹೊರಟಿತು. ಅದನ್ನು ತೀರಿಸಲು ನಾನು ಹೋಗುವಷ್ಟರಲ್ಲಿ ಅವಳೇ ಇರಲಿಲ್ಲ. ಆ ಒಂದು ಕೋಪ ಈಗಲೂ ನನ್ನ ಮೇಲಿದೆ. ನಾನು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಮಾಲೂರಿನ ಸಭೆಯವರು ಬಹಳ ಸಭ್ಯರು. ಮೊದಲ ಭಾನುವಾರವೇ 'ಸ್ತೋತ್ರ ಮೇಷ್ಟ್ರೇ, ಚೆನ್ನಾಗಿದ್ದೀರಾ?' ಎಂದು ಕೇಳಿ, ನನಗಾಗಿ ಮುಂದೆ ಒಂದು ಕುರ್ಚಿ ಹಾಕಿಸಿದರು. ನನಗೆ ಶ್ರೀನಿವಾಸಪುರದ ಬೆಂಚು ನೆನಪಾಯಿತು. ವಾರಗಟ್ಟಲೆ ಯಾರೂ ಮನೆಯ ಕಡೆ ಬರಲಿಲ್ಲ. ಒಂದು ಬೆಳಿಗ್ಗೆ ಹಿತ್ತಲಲ್ಲಿ ಬಾಯಿ ತೊಳೆಯುತ್ತಿದ್ದೆ. ನಾಲಿಗೆ ಕೆರೆಯುವಾಗ ನಾನು ಸ್ವಲ್ಪ ಸದ್ದು ಮಾಡುತ್ತೇನೆ, ವಯಸ್ಸಾಯಿತು ನೋಡಿ. ಪಕ್ಕದ ಮನೆ ನಮ್ಮ ಸಭೆಯವರದೇ. ಗೋಡೆಯಾಚೆಯಿಂದ ಆ ಮನೆಯಾಕೆ ಗಂಡನಿಗೆ ಹೇಳುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು: 'ಏನ್ರೀ ಈ ಮೇಷ್ಟ್ರು! ಬೆಳಗಾದ್ರೆ ಕೋಣ ಕೊಯ್ದಂಗೆ ಸದ್ದು ಮಾಡ್ತಾರೆ. ಮಗು ಬೆಚ್ಚಿ ಬಿತ್ತು. ನೀವು ಹೋಗಿ ಒಂದು ಮಾತು ಹೇಳ್ತೀರೋ ಇಲ್ವೋ?' ಗಂಡ, 'ಸುಮ್ನಿರೇ, ದೊಡ್ಡವರು, ಏನಂದ್ಕೊಂಡಾರು' ಎಂದು ಪಿಸುಗುಟ್ಟಿದ. ಬಾಯಲ್ಲಿದ್ದ ನೀರು ಉಗುಳದೆ ಹಾಗೆಯೇ ನಿಂತೆ. ಮಾರನೆಯ ಬೆಳಿಗ್ಗೆ ಮೊದಲು ಜಗಲಿಯ ಕುರ್ಚಿ ಒರೆಸಿ, ಕಾಫಿಗೆ ನೀರಿಟ್ಟೆ. ಆಮೇಲೆ ಹಿತ್ತಲಿಗೆ ಹೋಗಿ, ಗೋಡೆಗೆ ಇನ್ನಷ್ಟು ಹತ್ತಿರ ನಿಂತು, ಮಗುವಿನ ಕ್ಷಮೆಯನ್ನು ಮನಸ್ಸಿನಲ್ಲೇ ಬೇಡಿಕೊಂಡು, ಸ್ವಲ್ಪ ಜೋರಾಗಿಯೇ ನಾಲಿಗೆ ಕೆರೆದುಕೊಂಡೆ.